ಮನೆಯ ಕಂಪ್ಯೂಟರಿಗೆ ಕಾವಲು: ಗಡಿನಾಡಿನ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಯಾವ ಆಂಟಿವೈರಸ್ ಹಾಕಿಸಬೇಕು? ಹೊಸ ಲ್ಯಾಪ್‌ಟಾಪ್ ಕೊಂಡವರು ಮೊದಲು ಕೇಳುವುದು ಇದನ್ನೇ. ಬದಿಯಡ್ಕವಾಗಲಿ, ಉಪ್ಪಳವಾಗಲಿ, ಮುಳ್ಳೇರಿಯವಾಗಲಿ, ಪ್ರಶ್ನೆ ಬದಲಾಗುವುದಿಲ್ಲ. ಉತ್ತರ ಇದೆ, ಮುಂದೆ ಹೇಳುತ್ತೇನೆ. ಆದರೆ ಅದು ಮೊದಲು ಮಾಡಬೇಕಾದ ಕೆಲಸವಲ್ಲ. ಮನೆಯ ಕಂಪ್ಯೂಟರಿಗೆ ಆಗುವ ಹಾನಿಯಲ್ಲಿ ಬಹುಪಾಲು ನಾವೇ ಒತ್ತಿದ ಒಂದು ಗುಂಡಿಯಿಂದ, ನಾವೇ ಹೇಳಿಕೊಟ್ಟ ಒಂದು ಒಟಿಪಿಯಿಂದ ಆಗುತ್ತದೆ. ಮಾಲೀಕನ ಕೈ ಹಿಡಿದು ನಿಲ್ಲಿಸುವ ಶಕ್ತಿ ಯಾವ ಆಂಟಿವೈರಸ್ಸಿಗೂ ಇಲ್ಲ.

ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ವಿದ್ಯುತ್ ಬಿಲ್ಲು, ಪಂಚಾಯತಿನ ಕಟ್ಟಡ ತೆರಿಗೆ, ಪಿಎಸ್‌ಸಿ ಸೂಚನೆ, ಬ್ಯಾಂಕಿನ ಎಚ್ಚರಿಕೆ ಇವೆಲ್ಲ ನಮಗೆ ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಮಲಯಾಳವನ್ನು ಸರಾಗವಾಗಿ ಮಾತಾಡಬಲ್ಲರು, ಅಕ್ಷರ ಮಾತ್ರ ಬಾರದು. ನಕಲಿ ಸಂದೇಶದ ಭಾಷೆಯಲ್ಲಿ ಎಷ್ಟೇ ತಪ್ಪುಗಳಿದ್ದರೂ ಅದು ಅವರ ಕಣ್ಣಿಗೆ ಬೀಳುವುದಿಲ್ಲ. 'ಕಾಗುಣಿತ ತಪ್ಪಿದ್ದರೆ ಅನುಮಾನಪಡಿ' ಎಂಬ ಸಾಮಾನ್ಯ ಬುದ್ಧಿಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲಿಗೆ ನಾವು ಇಟ್ಟುಕೊಳ್ಳಬೇಕಾದ ಸೂತ್ರ ಇದು: ಸಂದೇಶ ತೋರಿಸಿದ ದಾರಿಯಲ್ಲಿ ಹೋಗಬಾರದು, ನಮಗೆ ಮೊದಲೇ ಗೊತ್ತಿರುವ ದಾರಿಯಲ್ಲಿ ಹೋಗಬೇಕು. ಉಳಿದ ಹೆಜ್ಜೆಗಳೆಲ್ಲ ಆ ಸೂತ್ರ ಯಾವತ್ತಾದರೂ ಕೈತಪ್ಪಿದ ದಿನ ನಷ್ಟ ಕಡಿಮೆಯಾಗಲೆಂದು ಮಾಡಿಡುವ ಏರ್ಪಾಡು.

ಇಲ್ಲಿ ಹೇಳಿರುವ ಸೆಟ್ಟಿಂಗುಗಳು ವಿಂಡೋಸ್ 11ರವು. ವಿಂಡೋಸ್ 10ರಲ್ಲಿ ಹೆಸರುಗಳು ಅಲ್ಪಸ್ವಲ್ಪ ಬೇರೆಯಾಗಿರಬಹುದು, ಕೆಲಸ ಒಂದೇ.

ಹೆಜ್ಜೆ 1: ಕಡತಗಳ ಪ್ರತಿ ತೆಗೆದಿಡಿ

ಎಲ್ಲಕ್ಕಿಂತ ಮೊದಲು ಇದನ್ನು ಮಾಡಬೇಕು. ಮುಂದಿನ ಹೆಜ್ಜೆಗಳಲ್ಲಿ ಏನಾದರೂ ಎಡವಟ್ಟಾದರೂ ಕಡತಗಳು ಉಳಿಯುತ್ತವೆ. ಕಂಪ್ಯೂಟರಿನಲ್ಲಿ ಹೋದರೆ ಮತ್ತೆ ಸಿಗದಂಥದ್ದು ಏನಿದೆ ಎಂದು ಒಂದು ಕಾಗದದಲ್ಲಿ ಬರೆಯಿರಿ. ಜಾಗದ ಆಧಾರಪತ್ರಗಳ ಸ್ಕ್ಯಾನ್, ತೋಟದ ಲೆಕ್ಕ, ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೋ, ತರವಾಡಿನ ಕೋಲದ ವಿಡಿಯೋ. ಸಿನಿಮಾ, ಹಾಡು, ತಂತ್ರಾಂಶಗಳನ್ನು ಬಿಡಿ, ಅವು ಮತ್ತೆ ಸಿಗುತ್ತವೆ.

ಈ ಪಟ್ಟಿಯಲ್ಲಿರುವುದು ಮೂರು ಕಡೆ ಇರಬೇಕು: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಒಂದು. ಹೊರಗಿನದಕ್ಕೆ ಗೂಗಲ್ ಖಾತೆಯ ಜೊತೆ ಉಚಿತವಾಗಿ ಬರುವ 15 ಜಿಬಿ ಸಾಕಾಗಬಹುದು. ಸಾಲದಿದ್ದರೆ ಇನ್ನೊಂದು ಡಿಸ್ಕನ್ನು ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ ಇಡಬಹುದು.

ಪ್ರತಿ ಮಾಡಿ ಮುಗಿದ ಕೂಡಲೇ ಡಿಸ್ಕಿನ ಕೇಬಲ್ ಕಿತ್ತು ಕಪಾಟಿನಲ್ಲಿಡಿ. ಇದು ಬಹುಮುಖ್ಯ. ರಾನ್ಸಮ್‌ವೇರ್ ಎಂಬ ಕುತಂತ್ರಾಂಶ ಕಡತಗಳನ್ನು ಕದಿಯುವುದಕ್ಕಿಂತ ಹೆಚ್ಚಾಗಿ ಅವುಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಗೆ ಹಣ ಕೇಳುತ್ತದೆ. ಆ ಹೊತ್ತಿಗೆ ಕಂಪ್ಯೂಟರಿಗೆ ಸಿಕ್ಕಿಸಿಕೊಂಡಿರುವ ಡಿಸ್ಕನ್ನೂ ಅದು ಬಿಡುವುದಿಲ್ಲ. ತುಲಾ ತಿಂಗಳಿನ ಸಿಡಿಲಿಗೆ ಹೆದರಿ ಟಿವಿಯ ಪ್ಲಗ್ ಕಿತ್ತಿಡದ ಮನೆ ನಮ್ಮಲ್ಲಿಲ್ಲ. ಹಾರ್ಡ್ ಡಿಸ್ಕಿಗೂ ಅದೇ ಅಭ್ಯಾಸ ಬಂದರೆ ಸಿಡಿಲು, ರಾನ್ಸಮ್‌ವೇರ್ ಎರಡರಿಂದಲೂ ಬಚಾವು. ಪ್ರತಿ ತೆಗೆದ ಮೇಲೆ ಒಂದೆರಡು ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದ ಹಾಗೆ.

ಹೆಜ್ಜೆ 2: ವಿಂಡೋಸ್‌ಗೆ ಇನ್ನೂ ಅಪ್‌ಡೇಟ್ ಬರುತ್ತಿದೆಯೇ ನೋಡಿ

ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರ ಕೆಳತುದಿಯಲ್ಲಿರುವ ಅಬೌಟ್ ಒತ್ತಿದರೆ ನಿಮ್ಮ ಬಳಿ ಇರುವುದು ಯಾವ ಆವೃತ್ತಿ ಎಂದು ತಿಳಿಯುತ್ತದೆ. ಈ ಸೆಟ್ಟಿಂಗ್ಸ್ ಪುಟವೇ ಇಲ್ಲದ ಹಳೆಯ ವಿಂಡೋಸ್ 7 ಆಗಿದ್ದರೆ ಆ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಲೇಬೇಡಿ. ಅದಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 14ರಂದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದನ್ನೇ ಬಳಸುವವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಕೊಡುವ ಒಂದು ಹೆಚ್ಚುವರಿ ಯೋಜನೆಯನ್ನು ಮೈಕ್ರೋಸಾಫ್ಟ್ ಘೋಷಿಸಿತ್ತು. ಅದು ತಾನಾಗಿ ಸಿಗುವುದಿಲ್ಲ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನಾವೇ ಹೆಸರು ನೋಂದಾಯಿಸಬೇಕು.

ಅಪ್‌ಡೇಟ್ ಎಂದರೆ ಕಿರಿಕಿರಿ ಎನ್ನುವವರಿಗೆ 2017ರ ಮೇ ತಿಂಗಳನ್ನು ನೆನಪಿಸಬೇಕು. ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತನ್ನೆಲ್ಲ ಸುತ್ತಿದಾಗ ವಯನಾಡಿನ ತರಿಯೋಡು ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ಅದು ಜಾಲದ ಮೂಲಕ ತಾನೇ ದಾಟುತ್ತಿತ್ತು. ಅದು ಬಳಸಿಕೊಂಡ ಲೋಪಕ್ಕೆ ಮೈಕ್ರೋಸಾಫ್ಟ್ ಪರಿಹಾರ ಬಿಡುಗಡೆ ಮಾಡಿದ್ದು ಅದೇ ವರ್ಷದ ಮಾರ್ಚಿನಲ್ಲಿ, ಅಂದರೆ ದಾಳಿಗೆ ಎರಡು ತಿಂಗಳು ಮೊದಲೇ.

ವಿಂಡೋಸ್ 11 ಹಾಕಲು ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಳೆಯ ಲ್ಯಾಪ್‌ಟಾಪುಗಳು ಇಲ್ಲಿಯೇ ಸೋಲುತ್ತವೆ. ಹಾಗೆಂದು ಅವನ್ನು ಗುಜರಿಗೆ ಹಾಕಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸಿನಲ್ಲಿ, ಅಂದರೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ವ್ಯವಸ್ಥೆಯಲ್ಲಿ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್, ಉಬುಂಟು ಎಂಬ ಲಿನಕ್ಸ್ ಬಗೆಯನ್ನು ಆಧರಿಸಿ ಸಿದ್ಧಪಡಿಸಿದ ಆವೃತ್ತಿ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಇದೆ. ಎಂಟನೆಯ ತರಗತಿಯ ಮಗಳಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತಿರುವ ವ್ಯವಸ್ಥೆ ಅದು. ಬ್ರೌಸರ್ ಮತ್ತು ಪತ್ರ ಬರೆಯುವುದಷ್ಟೇ ಕೆಲಸವಾದರೆ ಹಳೆಯ ಯಂತ್ರಕ್ಕೆ ನನ್ನ ಸಲಹೆ ಇದೇ. ವಿಂಡೋಸ್‌ಗೆಂದೇ ಬರೆದ ಕುತಂತ್ರಾಂಶ ಅಲ್ಲಿ ಸಾಮಾನ್ಯವಾಗಿ ಓಡುವುದೇ ಇಲ್ಲ.

ಹೆಜ್ಜೆ 3: ದಿನಬಳಕೆಗೆ ಬೇರೆ ಖಾತೆ

ಹೊಸ ಕಂಪ್ಯೂಟರಿನಲ್ಲಿ ಮೊದಲು ತೆರೆದ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಇರುತ್ತದೆ. ಅದರಲ್ಲಿಯೇ ಯೂಟ್ಯೂಬ್ ನೋಡುತ್ತ, ಇಮೇಲ್ ತೆರೆಯುತ್ತ ಕುಳಿತರೆ, ಒಳಗೆ ಬಂದ ಯಾವುದೇ ಕಿಡಿಗೇಡಿ ತಂತ್ರಾಂಶಕ್ಕೂ ಆ ಅಧಿಕಾರ ದಕ್ಕುವುದು ಸುಲಭ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್ ಎಂಬಲ್ಲಿ ಇನ್ನೊಂದು ಖಾತೆ ಸೇರಿಸಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಆ ಹೊಸ ಖಾತೆಯಿಂದ ಒಳಹೋಗಿ ನಿಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್ ಯೂಸರ್ ಎಂದು ಬದಲಾಯಿಸಿ. ಕೆಲಸದ ಕ್ರಮ ಹೀಗೆಯೇ ಇರಬೇಕು. ಮುಂದೆ ಏನನ್ನಾದರೂ ಇನ್‌ಸ್ಟಾಲ್ ಮಾಡುವಾಗ ಕಂಪ್ಯೂಟರ್ ಆ ಪಾಸ್‌ವರ್ಡ್ ಕೇಳುತ್ತದೆ. ನೀವು ಏನನ್ನೂ ಇನ್‌ಸ್ಟಾಲ್ ಮಾಡದೆ ಇರುವಾಗ ಕೇಳಿತೋ, 'ನೋ' ಒತ್ತಿ.

ಹೆಜ್ಜೆ 4: ಆಂಟಿವೈರಸ್ ಪ್ರಶ್ನೆಗೆ ಉತ್ತರ

ವಿಂಡೋಸ್‌ನ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಮನೆಬಳಕೆಗೆ ಸಾಕು. ಹಣ ಕೊಟ್ಟು ಬೇರೆ ಕೊಳ್ಳುವುದು ತಪ್ಪಲ್ಲ, ಆದರೆ ಅದೇ ಹಣಕ್ಕೆ ಒಂದು ಹಾರ್ಡ್ ಡಿಸ್ಕ್ ಕೊಂಡರೆ ಹೆಚ್ಚು ಉಪಕಾರ. ಎರಡು ಆಂಟಿವೈರಸ್ಸುಗಳನ್ನು ಒಟ್ಟಿಗೆ ಓಡಿಸಬೇಡಿ. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಟ್ರಯಲ್ ಆವೃತ್ತಿಯ ಅವಧಿ ಮುಗಿದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಆನ್ ಮಾಡಿ. ಡಿಫೆಂಡರ್ ತಾನಾಗಿ ಕೆಲಸಕ್ಕೆ ಇಳಿಯುತ್ತದೆ.

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಎಂಬಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ ರಿಯಲ್ ಟೈಮ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇವೆಯೇ ನೋಡಿ. ಅದೇ ಪುಟದ ಕೆಳಗೆ ರಾನ್ಸಮ್‌ವೇರ್ ಪ್ರೊಟೆಕ್ಷನ್ ಇದೆ. ಅದರೊಳಗಿನ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಗುರುತಿಲ್ಲದ ತಂತ್ರಾಂಶ ಕೈಯಾಡಿಸಲು ಆಗುವುದಿಲ್ಲ. ನೀವು ನಂಬುವ ಹಳೆಯ ತಂತ್ರಾಂಶವೊಂದಕ್ಕೆ ಕಡತ ಸೇವ್ ಮಾಡಲು ಇದರಿಂದ ಅಡ್ಡಿಯಾದರೆ ಅದೊಂದಕ್ಕೆ ಮಾತ್ರ ಅಲ್ಲಿಯೇ ಅನುಮತಿ ಕೊಡಬಹುದು.

ಹೆಜ್ಜೆ 5: ಏನನ್ನು, ಎಲ್ಲಿಂದ ಇಳಿಸಿಕೊಳ್ಳುತ್ತೀರಿ

ಕದ್ದ ತಂತ್ರಾಂಶದ ಬಗ್ಗೆ ನೈತಿಕ ಉಪದೇಶ ನನಗೆ ಬೇಡ. ಒಂದೇ ವಿಷಯ ಗಮನಿಸಿ: ವಿಂಡೋಸನ್ನೋ ಫೋಟೋಶಾಪನ್ನೋ ಪುಕ್ಕಟೆ ತೆರೆದುಕೊಡುವ ಆ್ಯಕ್ಟಿವೇಟರುಗಳ ಜೊತೆಗಿರುವ ಸೂಚನೆಯಲ್ಲಿ 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದಿರುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಎಂದು ಹೇಳಿ ಬರುವ ಅತಿಥಿಯನ್ನು ಒಳಗೆ ಕರೆಯುವವರುಂಟೇ?

ಕನ್ನಡ ಟೈಪಿಂಗಿಗಾಗಿ ಎಲ್ಲೆಲ್ಲೋ ಹುಡುಕುವುದು ನಮ್ಮವರ ಇನ್ನೊಂದು ದೌರ್ಬಲ್ಯ. ಗೂಗಲ್ ಇನ್‌ಪುಟ್ ಟೂಲ್ಸ್‌ನ ವಿಂಡೋಸ್ ಆವೃತ್ತಿಯನ್ನು ಗೂಗಲ್ ಕೈಬಿಟ್ಟು ವರ್ಷಗಳೇ ಆದವು. ಈಗ ಆ ಹೆಸರಿನಲ್ಲಿ ಕಂಡಕಂಡ ತಾಣಗಳಲ್ಲಿ ಸಿಗುವ ಕಡತದೊಳಗೆ ಏನಿದೆಯೆಂದು ಹೇಳುವವರು ಯಾರೂ ಇಲ್ಲ. ವಿಂಡೋಸ್ 10ಕ್ಕೆ 2019ರ ಮೇ ಅಪ್‌ಡೇಟಿನಲ್ಲಿಯೇ ಕನ್ನಡ ಫೊನೆಟಿಕ್ ಕೀಲಿಮಣೆ ಸೇರಿದೆ. ಟೈಮ್ ಆ್ಯಂಡ್ ಲ್ಯಾಂಗ್ವೇಜ್ ಎಂಬ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಸಾಕು, ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಮಕ್ಕಳ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳನ್ನೂ ಕೈಟ್‌ನ 'ಸಮಗ್ರ' ಜಾಲತಾಣದಿಂದಲೇ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಸಿಗುವ ಪುಟಗಳಲ್ಲಿ ಹಸಿರು ಬಣ್ಣದ ಡೌನ್‌ಲೋಡ್ ಗುಂಡಿಗಳು ಸಾಲಾಗಿ ಇರುತ್ತವೆ, ಅವುಗಳಲ್ಲಿ ಹೆಚ್ಚಿನವು ಜಾಹೀರಾತು.

ಇನ್ನು ಪೆನ್‌ಡ್ರೈವ್. ಯಕ್ಷಗಾನದ ಹ್ಯಾಂಡ್‌ಬಿಲ್ಲೋ ಗೃಹಪ್ರವೇಶದ ಆಮಂತ್ರಣವೋ ಡಿಟಿಪಿ ಅಂಗಡಿಗೆ ಹೋಗಿ ಬಂದ ಮೇಲೆ ತೆರೆದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ, ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಕಡತಗಳು ಹೋಗಿಲ್ಲ, ವೈರಸ್ ಅವುಗಳನ್ನು ಮರೆಮಾಡಿ ಅದೇ ಹೆಸರಿನಲ್ಲಿ ತನ್ನನ್ನು ಇಟ್ಟುಕೊಂಡಿದೆ. ಡಬಲ್ ಕ್ಲಿಕ್ ಮಾಡಿದ ಕ್ಷಣ ಅದು ನಿಮ್ಮ ಕಂಪ್ಯೂಟರಿನಲ್ಲಿ. ಹಾಗೆ ಮಾಡದೆ, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಡಿಫೆಂಡರಿನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ, ಶೋ ಎಂಬಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಮರೆಯಲ್ಲಿದ್ದ ಫೋಲ್ಡರುಗಳು ಮಸುಕಾಗಿ ಕಾಣಿಸಿದರೆ ಅವುಗಳೊಳಗಿನ ದಾಖಲೆ, ಚಿತ್ರಗಳನ್ನು ಮಾತ್ರ ನಕಲಿಸಿಕೊಂಡು ಡ್ರೈವನ್ನು ಫಾರ್ಮ್ಯಾಟ್ ಮಾಡಿ.

ಅದೇ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದನ್ನೂ ಆನ್ ಮಾಡಿ, ಹಾಗೆಯೇ ಬಿಟ್ಟುಬಿಡಿ. ಆಗ ಪಿಡಿಎಫ್ ಚಿತ್ರ ಹೊತ್ತ 'ಬಿಲ್ ಡಾಟ್ ಪಿಡಿಎಫ್' ಎಂಬ ಕಡತದ ನಿಜವಾದ ಬಾಲ 'ಡಾಟ್ ಇಎಕ್ಸ್‌ಇ' (ಅಂದರೆ ಒತ್ತಿದರೆ ಓಡುವ ತಂತ್ರಾಂಶ) ಎಂದು ಕಣ್ಣಿಗೆ ಬೀಳುತ್ತದೆ. ಬಿಲ್ಲು ಎಂದಿಗೂ ಇಎಕ್ಸ್‌ಇ ರೂಪದಲ್ಲಿ ಬರುವುದಿಲ್ಲ.

ಹೆಜ್ಜೆ 6: ಬ್ರೌಸರಿನಲ್ಲಿ ನಡೆಯುವ ಮೋಸಗಳು

ಇಂದಿನ ಅಪಾಯಗಳಲ್ಲಿ ಹೆಚ್ಚಿನವು ಬ್ರೌಸರಿನ ಮೂಲಕವೇ ಬರುತ್ತವೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲನೆಯದು ಬೊಬ್ಬೆ ಹಾಕುವ ಪುಟ. ಹಳೆಯ ಯಕ್ಷಗಾನದ ಧ್ವನಿಮುದ್ರಣ ಹುಡುಕುತ್ತ ಎಲ್ಲಿಯೋ ಒತ್ತಿದಿರಿ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಪರದೆ ತುಂಬ ನೀಲಿ ಬಣ್ಣ, ಮೈಕ್ರೋಸಾಫ್ಟ್‌ನ ಗುರುತು, ಸೈರನ್ ಸದ್ದು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಆಫ್ ಮಾಡಬೇಡಿ, ಈ ಸಂಖ್ಯೆಗೆ ಕರೆಮಾಡಿ' ಎಂದು ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಹೇಳುತ್ತಲೇ ಇರುತ್ತದೆ. ಮೌಸಿನ ಬಾಣ ಕಾಣಿಸುವುದಿಲ್ಲ. ನಡೆದಿರುವುದು ಇಷ್ಟೇ: ಒಂದು ಸಾಮಾನ್ಯ ವೆಬ್ ಪುಟ ಪರದೆಯನ್ನು ಪೂರ್ತಿಯಾಗಿ ಆವರಿಸಿಕೊಂಡಿದೆ. ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ, ಕಿಟಕಿ ಚಿಕ್ಕದಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆದಾಗ 'ರಿಸ್ಟೋರ್' ಎಂದು ಕೇಳಿದರೆ ಬೇಡ ಎನ್ನಿ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಸಂಖ್ಯೆ ಕಂಡರೆ ಅದು ಮೋಸ.

ಎರಡನೆಯದು ಹೊಸ ಬಗೆ, 2024ರಿಂದ ವ್ಯಾಪಕವಾಗಿ ಹಬ್ಬಿದ್ದು. 'ನಾನು ರೋಬೋಟ್ ಅಲ್ಲ' ಎಂಬ ಪರಿಚಿತ ಚೌಕ ಕಾಣಿಸುತ್ತದೆ. ಗುರುತು ಹಾಕಿದ ಮೇಲೆ 'ದೃಢೀಕರಿಸಲು ಮೂರು ಕೆಲಸ ಮಾಡಿ' ಎಂದು ಹೇಳುತ್ತದೆ: ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಇದು ಏನು ಮಾಡುತ್ತದೆ ನೋಡಿ. ನೀವು ಚೌಕದಲ್ಲಿ ಗುರುತು ಹಾಕಿದ ಕ್ಷಣವೇ ಆ ಪುಟ, ನಕಲಿಸಿದ್ದನ್ನು ಅಂಟಿಸುವವರೆಗೆ ಹಿಡಿದಿಡುವ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಆಜ್ಞೆಯನ್ನು ನಕಲಿಸಿಟ್ಟಿದೆ. ವಿಂಡೋಸ್ ಮತ್ತು ಆರ್ ಒತ್ತಿದರೆ ತೆರೆಯುವುದು 'ರನ್' ಪೆಟ್ಟಿಗೆ, ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಜಾಗ. ಅಲ್ಲಿ ಆ ಆಜ್ಞೆಯನ್ನು ಅಂಟಿಸಿ ಎಂಟರ್ ಒತ್ತಿದವರು ನೀವೇ. ಅದು ದೂರದ ಸರ್ವರಿನಿಂದ ಕಳ್ಳ ತಂತ್ರಾಂಶವೊಂದನ್ನು ತಂದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ, ಒಮ್ಮೆ ಲಾಗಿನ್ ಆದ ಗುರುತಾಗಿ ಉಳಿಯುವ ಕುಕೀಗಳನ್ನೂ ಬಾಚಿಕೊಂಡು ಹೋಗುತ್ತದೆ. ಕುಕೀ ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಯಾವ ಪ್ರಾಮಾಣಿಕ ಜಾಲತಾಣವೂ ನೀವು ಮನುಷ್ಯರೆಂದು ತಿಳಿಯಲು ರನ್ ಪೆಟ್ಟಿಗೆ ತೆರೆಸುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಎಲ್ಲರಿಗೂ ಇದೊಂದನ್ನು ಬಾಯಿಪಾಠ ಮಾಡಿಸಿ.

ಮೂರನೆಯದು ಪರದೆಯ ಬಲಮೂಲೆಯಲ್ಲಿ ಆಗಾಗ ತೇಲಿಬರುವ ಚೀಟಿಗಳು. ಅವು ವೈರಸ್ ಅಲ್ಲ. ಯಾವುದೋ ತಾಣ ಕೇಳಿದಾಗ ನೀವು 'ಅಲೋ' ಒತ್ತಿದ್ದರಿಂದ ಬರುವ ನೋಟಿಫಿಕೇಶನ್. ಕ್ರೋಮ್‌ನ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂಬಲ್ಲಿ ಎಲ್ಲ ತಾಣಗಳಿಗೂ ಬೇಡ ಎಂದು ಹೇಳಿ, ಈಗಾಗಲೇ ಅನುಮತಿ ಪಡೆದವನ್ನು ಅಳಿಸಿ. ಹಾಗೆಯೇ ಬ್ರೌಸರಿಗೆ ಸೇರಿಸಿದ ಕಿರುತಂತ್ರಾಂಶಗಳ, ಅಂದರೆ ಎಕ್ಸ್‌ಟೆನ್ಷನ್ಸ್‌ನ ಪಟ್ಟಿ ತೆರೆದು ನಿಮಗೆ ನೆನಪಿಲ್ಲದ್ದನ್ನೆಲ್ಲ ತೆಗೆಯಿರಿ. ಜಾಹೀರಾತು ತಡೆಯಲು ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್, ಕ್ರೋಮ್‌ನಲ್ಲಿ ಅದರ ಲೈಟ್ ಆವೃತ್ತಿ ಹಾಕಿಕೊಂಡರೆ ಮೊದಲೆರಡು ಮೋಸಗಳ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತದೆ.

ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶಗಳ ವಿಚಾರದಲ್ಲಿ ನಮ್ಮ ಊರಿಗೆಂದೇ ಒಂದು ಮಾತು. ದುಬಾಯಿಯಲ್ಲಿರುವ ಮಗ ಅಲ್ಲಿಂದಲೇ ಕುಂಬಳೆಯ ಮನೆಯ ಕಂಪ್ಯೂಟರ್ ಸರಿಪಡಿಸುವುದು ಇಲ್ಲಿ ಮಾಮೂಲು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಅಭ್ಯಾಸದಿಂದಾಗಿ 'ಸರ್, ಎನಿಡೆಸ್ಕ್ ತೆರೆಯಿರಿ' ಎಂದು ಅಪರಿಚಿತ ಹೇಳಿದಾಗಲೂ ಅದು ಸಹಜವೆನಿಸುತ್ತದೆ. ಮಗನೇ ತನ್ನ ಸಂಖ್ಯೆಯಿಂದ ಕರೆ ಮಾಡಿ ಮಾತಾಡಿದಾಗ ಮಾತ್ರ ತೆರೆಯಬೇಕು, ಕೆಲಸ ಮುಗಿದ ಕೂಡಲೇ ಮುಚ್ಚಬೇಕು, ಯಾರೂ ಇಲ್ಲದಾಗಲೂ ಒಳಬರಲು ಬಿಡುವ ಪಾಸ್‌ವರ್ಡನ್ನು ಅದರಲ್ಲಿ ಇಡಲೇಬಾರದು. ಬ್ಯಾಂಕಿನ ಪುಟ ತೆರೆದಿರುವಾಗ ಮಗನಿಗೂ ಬೇಡ.

ಹೆಜ್ಜೆ 7: ಓದಲು ಬಾರದ ಸಂದೇಶ ಬಂದಾಗ

'ನಿಮ್ಮ ಕಳೆದ ತಿಂಗಳ ಬಿಲ್ಲು ಪಾವತಿಯಾಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿತ, ಅಧಿಕಾರಿಯನ್ನು ಸಂಪರ್ಕಿಸಿ.' ವಿದ್ಯುತ್ ಇಲಾಖೆಯ ಹೆಸರಿನ ಈ ಸಂದೇಶ ಭಾರತದುದ್ದಕ್ಕೂ ಸುತ್ತಾಡಿದೆ, ಕೇರಳದಲ್ಲೂ. ಬರುವುದು ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ, ಸಾಮಾನ್ಯವಾಗಿ ಮಬ್ಬುಗತ್ತಲಾಗುವ ಹೊತ್ತಿಗೆ. ಸೆಕ್ಷನ್ ಆಫೀಸು ಮುಚ್ಚಿರುತ್ತದೆ, ಗಾಬರಿ ಹೆಚ್ಚುತ್ತದೆ.

ಗಾಬರಿಯಾಗದಿರಲು ಬೇಕಾದ ತಯಾರಿಯನ್ನು ಇಂದೇ ಮಾಡಿಡಿ. ಬ್ರೌಸರಿನಲ್ಲಿ ಬುಕ್‌ಮಾರ್ಕುಗಳ ಒಂದು ಸಾಲು ಮಾಡಿ. ವಿದ್ಯುತ್ತಿಗೆ ಕೆಎಸ್‌ಇಬಿ ಡಾಟ್ ಇನ್, ಪಿಎಸ್‌ಸಿಗೆ 'ತುಳಸಿ' ಪುಟ, ನಿಮ್ಮ ಬ್ಯಾಂಕು, ಆದಾಯ ತೆರಿಗೆ, ಸೈಬರ್ ಅಪರಾಧ ದೂರಿನ ತಾಣ. ವಿಳಾಸಗಳನ್ನು ಬಿಲ್ಲು, ಪಾಸ್‌ಬುಕ್ಕುಗಳನ್ನು ನೋಡಿ ಟೈಪ್ ಮಾಡಿ, ಗೂಗಲ್‌ನಲ್ಲಿ ಹುಡುಕಿ ಅಲ್ಲ. ಹುಡುಕಾಟದ ಮೇಲ್ಸಾಲಿನಲ್ಲಿ ಕಾಣುವುದು ಹಣ ಕೊಟ್ಟ ಜಾಹೀರಾತು ಆಗಿರಬಹುದು. ಕಸ್ಟಮರ್ ಕೇರ್ ಸಂಖ್ಯೆಗೂ ಇದೇ ಮಾತು. ಇನ್ನು ಮುಂದೆ ಯಾವ ಸಂದೇಶ ಬಂದರೂ ಅದರಲ್ಲಿರುವ ಲಿಂಕನ್ನು ಮುಟ್ಟದೆ ಈ ಸಾಲಿನಿಂದ ಹೋಗಿ, 13 ಅಂಕಿಯ ಗ್ರಾಹಕ ಸಂಖ್ಯೆ ಕೊಟ್ಟು ಬಾಕಿ ಇದೆಯೇ ನೋಡಿ. ಬಾಕಿ ಇಲ್ಲದಿದ್ದರೆ ಸಂದೇಶ ಸುಳ್ಳು. ಇದ್ದರೆ ಅಲ್ಲಿಯೇ ಕಟ್ಟಿ, ಆಗಲೂ ಆ ಲಿಂಕು ಬೇಡ.

ವಿಳಾಸವನ್ನು ಬಲಗಡೆಯಿಂದ ಓದುವುದನ್ನು ಕಲಿಯಿರಿ. ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಅದರ ನಂತರ ಸಿಗುವ ಮೊದಲ ಓರೆಗೆರೆಗಿಂತ ಸ್ವಲ್ಪ ಮುಂಚಿನ ತುಂಡೇ ನಿಜವಾದ ಒಡೆಯ. 'ಕೆಎಸ್‌ಇಬಿ ಡಾಟ್ ಇನ್ ಡಾಟ್ ಪೇಬಿಲ್ ಡಾಟ್ ಕಾಮ್' ಎಂದಿದ್ದರೆ ಅದು ಪೇಬಿಲ್ ಎಂಬವರದು, ಕೆಎಸ್‌ಇಬಿಯದಲ್ಲ. ಬ್ಯಾಂಕುಗಳ ಮಟ್ಟಿಗೆ ಇದು ಈಗ ಸುಲಭ: 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಬೀಗದ ಚಿತ್ರವನ್ನು ನಂಬಬೇಡಿ. ನಡುದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಅದರ ಅರ್ಥ, ಆ ತುದಿಯಲ್ಲಿರುವವನು ಸಾಚಾ ಎಂದಲ್ಲ.

ಸಂದೇಶ ಏನೆಂದು ತಿಳಿಯಲೇಬೇಕಾದರೆ ಮಲಯಾಳದಿಂದ ಕನ್ನಡಕ್ಕೆ ಗೂಗಲ್ ಟ್ರಾನ್ಸ್‌ಲೇಟ್ ಸಾಕಷ್ಟು ಚೆನ್ನಾಗಿ ಮಾಡುತ್ತದೆ. ಪಠ್ಯವನ್ನು ನಕಲಿಸಿ ಹಾಕಿ, ಅಥವಾ ಮೊಬೈಲಿನ ಕ್ಯಾಮೆರಾ ಹಿಡಿಯಿರಿ. ಸ್ಕ್ರೀನ್‌ಶಾಟ್ ತೆಗೆದು 'ಇದೇನೆಂದು ಯಾರಾದರೂ ಹೇಳಿ' ಎಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ರೂಢಿ ಬಿಡಬೇಕು. ಆ ಚಿತ್ರದಲ್ಲಿ ಒಟಿಪಿ ಇರುತ್ತದೆ, ಖಾತೆಯ ಸಂಖ್ಯೆ ಇರುತ್ತದೆ, ಗುಂಪಿನಲ್ಲಿ ಎಲ್ಲರೂ ನಮ್ಮವರೇ ಎಂದು ಹೇಳಲಾಗದು.

ಹೆಜ್ಜೆ 8: ಪಾಸ್‌ವರ್ಡ್ ಮತ್ತು ಎರಡನೆಯ ಬೀಗ

ಮನೆಹೆಸರು ಮತ್ತು ಹುಟ್ಟಿದ ವರ್ಷ ಸೇರಿಸಿ ಮಾಡಿದ ಪಾಸ್‌ವರ್ಡನ್ನು ನೆರೆಮನೆಯ ಹುಡುಗನೂ ಊಹಿಸಬಲ್ಲ; ನಮ್ಮಲ್ಲಿ ಮನೆಹೆಸರು ಗೊತ್ತಿಲ್ಲದವರು ಯಾರು? ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ: ಹಲಸು, ಪೆಟ್ರೋಲು, ಚೆಂಡೆ, ಗುರುವಾರ ಎಂಬಂತೆ. ಇದನ್ನೇ ಅಲ್ಲ, ನಿಮ್ಮದೇ ನಾಲ್ಕು. ಗಾದೆ, ಹಾಡಿನ ಸಾಲು ಬೇಡ. ಇಂಥದ್ದು ಮೂರು ಕಡೆ ಮಾತ್ರ ನೆನಪಿಟ್ಟರೆ ಸಾಕು: ಕಂಪ್ಯೂಟರಿಗೆ, ಇಮೇಲಿಗೆ, ಪಾಸ್‌ವರ್ಡ್ ಮ್ಯಾನೇಜರಿಗೆ. ಉಳಿದವನ್ನೆಲ್ಲ ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ ತಾನೇ ಸೃಷ್ಟಿಸಿ ಇಟ್ಟುಕೊಳ್ಳಲಿ. ಎರಡೂ ಉಚಿತ. ಅದು ಒಗ್ಗದ ಹಿರಿಯರು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಟ್ಟರೆ ನನ್ನ ಆಕ್ಷೇಪವಿಲ್ಲ. ಇಂಟರ್ನೆಟ್ ಕಳ್ಳನ ಕೈ ಕಪಾಟಿನವರೆಗೆ ಚಾಚುವುದಿಲ್ಲ.

ಇಮೇಲಿಗೆ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡಿನ ಜೊತೆ ಇನ್ನೊಂದು ಸಂಕೇತವನ್ನೂ ಕೇಳುವ ವ್ಯವಸ್ಥೆ, ಹಾಕದೆ ಇರಬೇಡಿ. ಇಮೇಲ್ ಹೋದರೆ ಅದರ ಮೂಲಕ ಬೇರೆಲ್ಲ ಪಾಸ್‌ವರ್ಡುಗಳನ್ನೂ ಬದಲಾಯಿಸಬಹುದು. ಎಸ್‌ಎಂಎಸ್‌ಗಿಂತ ಆ ಸಂಕೇತವನ್ನು ಮೊಬೈಲಿನಲ್ಲೇ ಸೃಷ್ಟಿಸುವ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು, ಅದರಲ್ಲೂ ಗಲ್ಫಿಗೆ ಹೋಗುವವರಿಗೆ. ಊರಿನ ಸಿಮ್ಮಿಗೆ ರೀಚಾರ್ಜ್ ಮಾಡದೆ ಅದು ಸತ್ತುಹೋದರೆ 90 ದಿನಗಳ ನಂತರ ಅದೇ ಸಂಖ್ಯೆಯನ್ನು ಕಂಪನಿ ಬೇರೊಬ್ಬರಿಗೆ ಕೊಡಬಹುದು. ನಿಮ್ಮ ಇಮೇಲಿನ ಪಾಸ್‌ವರ್ಡ್ ಬದಲಿಸುವ ಒಟಿಪಿ ಆಗ ಆ ಅಪರಿಚಿತನಿಗೆ ಹೋಗುತ್ತದೆ. ಸಿಮ್ ಬಿಡುವ ಮೊದಲು ಎಲ್ಲ ಖಾತೆಗಳಲ್ಲಿ ಸಂಖ್ಯೆ ಬದಲಿಸಿ. ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಪಾಸ್‌ಪೋರ್ಟಿನ ಜೊತೆ ಇಡಿ.

ಹೆಜ್ಜೆ 9: ವೈಫೈ

ಕೇಬಲಿನವರು ಬಂದು ಫೈಬರ್ ಜೋಡಿಸಿ ಹೋಗುವಾಗ ಎಲ್ಲ ಮನೆಗಳಿಗೂ ಒಂದೇ ಬಗೆಯ ಪಾಸ್‌ವರ್ಡ್ ಇಡುವುದುಂಟು. ಅದನ್ನು ಬದಲಿಸಿ. ರೌಟರಿನ ಒಳಪುಟದ ಪಾಸ್‌ವರ್ಡ್ ಬೇರೆ ಇದೆ, ಅದನ್ನೂ ಬದಲಿಸಿ. ಪುಟದ ವಿಳಾಸ ರೌಟರಿನ ಅಡಿಯ ಚೀಟಿಯಲ್ಲಿರುತ್ತದೆ, ಹಲವದರಲ್ಲಿ 192.168.1.1. ವೈಫೈ ಭದ್ರತೆಯ ಬಗೆಯಾಗಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್ನಿನಿಂದ ಜೋಡಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ. ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ.

ಹೆಜ್ಜೆ 10: ಅಕ್ಷಯ ಕೇಂದ್ರ, ಅಂಗಡಿಯ ಕಂಪ್ಯೂಟರ್

ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗದೆ ನಮ್ಮ ಕೆಲಸ ನಡೆಯುವುದಿಲ್ಲ. ಅರ್ಜಿ ಮಲಯಾಳದಲ್ಲಿದ್ದರೆ ಅಲ್ಲಿನವರ ಸಹಾಯ ಬೇಕೇ ಬೇಕು. ಪಾಸ್‌ವರ್ಡನ್ನು ಬಾಯಲ್ಲಿ ಹೇಳಬೇಡಿ, ನೀವೇ ಟೈಪ್ ಮಾಡಿ. ಒಟಿಪಿ ಹೇಳುವ ಮೊದಲು ಅದು ಯಾವುದರ ಒಟಿಪಿ ಎಂದು ಸಂದೇಶದಲ್ಲಿ ನೋಡಿ. ಆಧಾರ್ ಕಾರ್ಡಿನ ನಕಲು ಸಾಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪ್ರಿಂಟಿಗಾಗಿ ವಾಟ್ಸ್ಆ್ಯಪ್ ವೆಬ್ ತೆರೆದಿದ್ದರೆ ಹೊರಡುವ ಮೊದಲು ಮೊಬೈಲಿನ ಲಿಂಕ್ಡ್ ಡಿವೈಸಸ್ ನೋಡಿ ಲಾಗೌಟ್ ಮಾಡಿ. ಎಷ್ಟೋ ಜನರ ವಾಟ್ಸ್ಆ್ಯಪ್ ಅಂಗಡಿಯಲ್ಲಿ ತೆರೆದೇ ಇರುತ್ತದೆ.

ಹೆಜ್ಜೆ 11: ಕೈಮೀರಿತು ಎಂದು ಗೊತ್ತಾದಾಗ

ಮೊದಲು ಇಂಟರ್ನೆಟ್ ಕಡಿಯಿರಿ. ವೈಫೈ ಆಫ್ ಮಾಡಿ, ಅಥವಾ ರೌಟರಿನ ಪ್ಲಗ್ಗನ್ನೇ ಕೀಳಿ. ಪರದೆಯಲ್ಲಿ ಏನು ಕಾಣುತ್ತಿದೆಯೋ ಅದರ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ.

ಹಣ ಹೋಗಿದ್ದರೆ ಬೇರೆಲ್ಲ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ಜಿಗಿಯುತ್ತದೆ. ದೂರು ಬೇಗ ತಲುಪಿದರೆ ನಡುವಿನ ಯಾವುದಾದರೂ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ, ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಅದರ ಬೆನ್ನಿಗೆ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದಾಗ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ನಿಮಗಿಲ್ಲ. ಒಟಿಪಿ ಹೇಳಿದ್ದು ನೀವೇ ಆಗಿದ್ದರೂ, ನೀವು ಬ್ಯಾಂಕಿಗೆ ತಿಳಿಸಿದ ನಂತರ ಹೋದ ಹಣ ಬ್ಯಾಂಕಿನ ಲೆಕ್ಕಕ್ಕೆ.

ಹಣ ಹೋಗಿಲ್ಲ, ಕಂಪ್ಯೂಟರ್ ಮಾತ್ರ ಕೆಟ್ಟಿದೆ ಎಂದಾದರೆ ಬೇರೊಂದು ಸ್ವಚ್ಛ ಯಂತ್ರದಿಂದ ಮೊದಲು ಇಮೇಲಿನ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಎಲ್ಲ ಸಾಧನಗಳಿಂದ ಸೈನ್ ಔಟ್ ಎಂಬ ಆಯ್ಕೆಯನ್ನೂ ಒತ್ತಿ. ಕದ್ದ ಕುಕೀಗಳು ಕೆಲಸಕ್ಕೆ ಬಾರದಂತಾಗುವುದು ಆಗಲೇ. ಕೆಟ್ಟ ಯಂತ್ರದಲ್ಲಿ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್ ಒಳಗಿರುವ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ವಿಂಡೋಸ್ ಏಳುವ ಮೊದಲೇ ಅದು ಹುಡುಕುವುದರಿಂದ ಅಡಗಿ ಕುಳಿತವೂ ಸಿಕ್ಕಿಬೀಳುತ್ತವೆ. ರಾನ್ಸಮ್‌ವೇರ್ ಆಗಿದ್ದರೆ ಹಣ ಕಟ್ಟಬೇಡಿ, ಕಟ್ಟಿದವರಿಗೆಲ್ಲ ಕೀಲಿ ಸಿಕ್ಕಿಲ್ಲ. ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರಾನ್ಸಮ್' ತಾಣದಲ್ಲಿ ಕೆಲವು ಬಗೆಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ, ನಿಮ್ಮದು ಅದರಲ್ಲಿದೆಯೇ ನೋಡಿ. ಸಂಶಯ ಉಳಿದರೆ ರೀಸೆಟ್ ದಿಸ್ ಪಿಸಿ ಎಂಬಲ್ಲಿ ರಿಮೂವ್ ಎವೆರಿಥಿಂಗ್ ಆರಿಸಿ ವಿಂಡೋಸನ್ನು ಹೊಸದಾಗಿ ಹಾಕುವುದೇ ಲೇಸು. ಹಾರ್ಡ್ ಡಿಸ್ಕಿನಿಂದ ದಾಖಲೆ, ಚಿತ್ರ, ವಿಡಿಯೋಗಳನ್ನು ಮಾತ್ರ ಹಿಂದಕ್ಕೆ ತನ್ನಿ. ಹಳೆಯ ಇನ್‌ಸ್ಟಾಲರುಗಳು ಬೇಡ.

ಲಿಖಿತ ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದಾಖಲಿಸಬಹುದು, ಕಾಸರಗೋಡಿನ ಸೈಬರ್ ಪೊಲೀಸ್ ಠಾಣೆಗೂ ಕೊಡಬಹುದು. ಮಲಯಾಳ ಬರೆಯಲು ಬಾರದೆಂದು ದೂರನ್ನು ಬೇರೆಯವರ ಕೈಯಲ್ಲಿ ಬರೆಸಿ, ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಗೆ 1973ರಲ್ಲಿ ಆದ ತಿದ್ದುಪಡಿ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಲು ಕನ್ನಡಿಗರಿಗೆ ಅವಕಾಶ ಕೊಟ್ಟಿದೆ. ಎಷ್ಟು ಗಂಟೆಗೆ ಏನು ನಡೆಯಿತು, ಯಾವ ಸಂಖ್ಯೆಯಿಂದ ಕರೆ ಬಂತು, ಎಷ್ಟು ಹಣ ಹೋಯಿತು, ವ್ಯವಹಾರದ ಉಲ್ಲೇಖ ಸಂಖ್ಯೆ ಯಾವುದು ಎಂಬುದನ್ನು ಕನ್ನಡದಲ್ಲಿ ಕ್ರಮವಾಗಿ ಬರೆದು, ಪರದೆಯ ಫೋಟೋದ ಪ್ರಿಂಟ್ ಲಗತ್ತಿಸಿ, ರಸೀದಿ ಪಡೆದುಕೊಳ್ಳಿ. ಬ್ಯಾಂಕು ಮುಂದೆ ಕೇಳುವುದು ಆ ರಸೀದಿಯನ್ನೇ.